ನಳ ಬಿಗಿಯುವವರ ನಡುವೆ

ಹೊಸ ವಾಷರ್ ಹಾಕಿದ ನಳವನ್ನು ಮೊದಲ ಸಲ ಮುಚ್ಚುವಾಗ ಎರಡು ಬೆರಳಿಗೆ ಒಂದು ಮೆತ್ತನೆಯ ತಡೆ ಸಿಗುತ್ತದೆ. ರಬ್ಬರು ಹಿತ್ತಾಳೆಯ ಮೇಲೆ ಕೂತು, ತುಸುವೇ ತಗ್ಗಿ, ಇಷ್ಟು ಸಾಕು ಅನ್ನುವ ಜಾಗ ಅದು. ಅಷ್ಟರಲ್ಲಿ ನೀರು ನಿಂತಿರುತ್ತದೆ. ಮುಂದೆ ಕೂದಲೆಳೆಯಷ್ಟೂ ತಿರುಗಿಸಬೇಕಿಲ್ಲ. ಈ ಒಂದು ಸುಖಕ್ಕಾಗಿ ನಾನು ಕರೆಯದ ಮನೆಗೂ ಪಾನಾ ಹಿಡಿದು ಹೋಗುತ್ತೇನೆ. ಸಿಂಧನೂರಿನ ನಮ್ಮ ಓಣಿಯಲ್ಲಿ ಇದಕ್ಕೆ ಹುಚ್ಚು ಅನ್ನುತ್ತಾರೆ. ಬೀಗರ ಮನೆಯಲ್ಲಿ ಊಟಕ್ಕೆ ಎಲೆ ಹಾಕಿದ ಮೇಲೆ ಕೈ ತೊಳೆಯಲು ಎದ್ದವನು ಅನ್ನ ಆರಿದರೂ ಬರುವುದಿಲ್ಲ ಎಂಬ ದೂರು ನನ್ನ ಮೇಲಿದೆ, ದೂರು ಖರೆ.

ಮೊನ್ನೆ ಲಿಂಗಸುಗೂರಿನ ಅಕ್ಕ ಫೋನ್ ಮಾಡಿದಳು. “ರಾತ್ರಿಯೆಲ್ಲ ಟಪ್ ಟಪ್ ಅಂತೈತೋ ತಮ್ಮಾ, ನಿದ್ದಿ ಹತ್ತವಲ್ದು.” ಹೋಗಿ ನೋಡಿದರೆ ಬೇಸಿನ್ ಮೇಲಿನ ನಳದ ಹಿಡಿ ಅಲುಗಾಡುತ್ತಲೇ ಇಲ್ಲ. ಮಾಮಾ ಅದಕ್ಕೆ ಟವೆಲ್ ಸುತ್ತಿ ಪಕ್ಕಡಿನಿಂದ ಬಿಗಿದಿದ್ದರು. ಬಿಗಿದ ಮೇಲೂ ಸೋರುತ್ತಿತ್ತು. “ಇನ್ನೊಂಚೂರು ಬಿಗಿಬೇಕಿತ್ತು, ಕೈ ಸೋತ್ವು” ಅಂದರು ಮಾಮಾ. ಹಿರಿಯರು, ಏನನ್ನಲಿ. ಇಲ್ಲಿ ಅನ್ನುತ್ತೇನೆ.

ನಳ ಬಿಗಿಯುವವರ ಜಾತಿಯೇ ಬೇರೆ. ಸೋರುವ ನಳವನ್ನು ಕಂಡರೆ ಅವರಿಗೆ ಅದು ಮೈಗಳ್ಳ ಆಳಿನಂತೆ ತೋರುತ್ತದೋ ಏನೋ, ಒಂದು ಏಟು ಹಾಕಿದರೆ ದಾರಿಗೆ ಬರುತ್ತದೆ ಎಂದುಕೊಳ್ಳುತ್ತಾರೆ. ನಳದೊಳಗೆ ನೀರು ಮೇಲೇರಿ ಬರುವ ತೂತಿಗೆ ಹಿತ್ತಾಳೆಯ ಒಂದು ಅಂಚಿದೆ. ಪ್ಲಂಬರ್‌ಗಳು ಅದನ್ನು ಸೀಟು ಅನ್ನುತ್ತಾರೆ. ಹಿಡಿಯೊಡನೆ ತಿರುಗುವ ಕಡ್ಡಿ, ಅಂದರೆ ಸ್ಪಿಂಡಲ್, ಅದರ ತುದಿಯ ವಾಷರ್ ಈ ಸೀಟಿನ ಮೇಲೆ ಇಳಿದು ಕೂತರೆ ನೀರು ನಿಲ್ಲುತ್ತದೆ. ಬಿಗಿದಷ್ಟೂ ಅಂಚು ರಬ್ಬರಿನೊಳಗೆ ಇಳಿದು ಉಂಗುರದಂತೆ ಗೀರು ಬೀಳುತ್ತದೆ. ಗೀರು ಆಳವಾದಷ್ಟೂ ಮರುದಿನ ಇನ್ನಷ್ಟು ಬಿಗಿಯಬೇಕಾಗುತ್ತದೆ. ಕೊನೆಗೆ ರಬ್ಬರು ಹರಿದು ಲೋಹಕ್ಕೆ ಲೋಹ ತಾಗಿ ಸೀಟಿಗೇ ಕಚ್ಚು ಬೀಳುತ್ತದೆ. ಎರಡು ರೂಪಾಯಿ ಕೆಲಸವನ್ನು ತೋಳ್ಬಲದಿಂದ ಎಂಟುನೂರು ರೂಪಾಯಿಗೆ ಏರಿಸುವ ಪರಾಕ್ರಮ ಇದು. ಮಕ್ಕಳಿಗೆ ಅಕ್ಷರ ಕಲಿಸುವಾಗಲೇ ನಳ ಮುಚ್ಚುವುದನ್ನೂ ಕಲಿಸಬೇಕು, ಮಾಮಾಗಳಿಗೆ ಮೊದಲು.

ತಿರುಪಿ ಮುಚ್ಚುವ ಈ ನಳಕ್ಕೆ ಇಂಗ್ಲೆಂಡಿನ ರಾದರ್‌ಹ್ಯಾಮ್ ಊರಿನ ಗೆಸ್ಟ್ ಆ್ಯಂಡ್ ಕ್ರೈಮ್ಸ್ ಎಂಬ ಹಿತ್ತಾಳೆ ಕಾರ್ಖಾನೆ 1845ರಲ್ಲಿ ಪೇಟೆಂಟ್ ಪಡೆಯಿತು. ಅಂದಿನಿಂದ ಇಂದಿಗೂ ಒಳಗಿನ ಲೆಕ್ಕ ಅದೇ. ಬಿಚ್ಚುವ ಕ್ರಮ ಬಲ್ಲವರಿಗೆ ಮತ್ತೆ ಹೇಳುವುದಿಲ್ಲ. ಬೇಸಿನ್ನಿನ ತೂತಿಗೆ ಒಂದು ಅರಿವೆ ತುರುಕಿರಿ, ಇಲ್ಲದಿದ್ದರೆ ಹಿಡಿಯ ಸ್ಕ್ರೂ ನೇರ ಗಟಾರಕ್ಕೆ. ಮುಚ್ಚಿದಾಗ ಬಾಯಿಂದ ಸೋರಿದರೆ ವಾಷರ್, ಬಿಟ್ಟಾಗ ಕುತ್ತಿಗೆಯಲ್ಲಿ ಸೋರಿದರೆ ಸ್ಪಿಂಡಲ್ ಸುತ್ತಲಿನ ಗ್ಲ್ಯಾಂಡು. ಇವೆರಡನ್ನೂ ಒಂದೇ ಎಂದುಕೊಂಡು ವಾಷರ್ ಬದಲಿಸುತ್ತ ಕೂರುವವರ ಬಗ್ಗೆ ಮಾತಾಡಿ ಸಮಯ ಹಾಳು.

ನನಗೆ ಮುಖ್ಯ ಸೀಟು. ಸ್ಪಿಂಡಲ್ ತೆಗೆದ ಮೇಲೆ ಕಿರುಬೆರಳನ್ನು ಒಳಗಿಳಿಸಿ ಆ ಅಂಚಿನ ಸುತ್ತ ಒಂದು ಸುತ್ತು ಸವರಬೇಕು. ಮೊಬೈಲ್ ಟಾರ್ಚಿಗೆ ಕಾಣದ ಕಚ್ಚು ಬೆರಳ ತುದಿಗೆ ಹತ್ತುತ್ತದೆ. ಅಂಥ ಕಚ್ಚಿದ್ದರೆ ಎಂಥ ಕಂಪನಿಯ ವಾಷರ್ ಹಾಕಿದರೂ ಹಬ್ಬ ದಾಟುವುದಿಲ್ಲ. ಇದಕ್ಕೆ ನನ್ನದೊಂದು ಉಪಾಯವಿದೆ, ಅದರ ಮೇಲೆ ನನಗೆ ಅತಿಯಾದ ಅಭಿಮಾನವೂ ಇದೆ. ಒಣಗಿದ ಸ್ಕೆಚ್ ಪೆನ್ನಿನ ಚಪ್ಪಟೆ ತಳಕ್ಕೆ ಎಮರಿ ಪೇಪರಿನ ಬಿಲ್ಲೆ ಅಂಟಿಸುವುದು, ಪೆನ್ನು ವಾಲದಂತೆ ನಡುವಿಗೆ ಅರಿವೆ ಸುತ್ತಿ ನಳದ ಕೊಳವೆಗೆ ಸರಿಯಾಗಿ ಕೂರುವಂತೆ ಮಾಡುವುದು, ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಅತ್ತಿತ್ತ ಹೊರಳಿಸುವುದು. ಮೊದಲು 220ರ ಕಾಗದ, ಆಮೇಲೆ 400ರದು. ಒತ್ತಬಾರದು, ಪೆನ್ನಿನ ಭಾರವೇ ಸಾಕು. ಶುರುವಿನಲ್ಲಿ ಕರಕರ ಎನ್ನುವ ಸದ್ದು ಬರಬರುತ್ತ ಒಂದೇ ಸಮನಾಗುತ್ತದೆ. ಆಗ ಟೇಪ್‌ರೆಕಾರ್ಡರಿನ ಕ್ಯಾಸೆಟ್ ಸುತ್ತಿದ ವಯಸ್ಸಿನವರಿಗೆ ಯಾವುದೋ ಹಳೆಯ ನೆಮ್ಮದಿ ನೆನಪಾಗುತ್ತದೆ. ಒಳಗೆ ಒಂದು ಚೊಂಬು ನೀರು ಸುರಿದು ಹಿತ್ತಾಳೆಯ ಪುಡಿ ತೊಳೆದು ಹೊಸ ವಾಷರ್ ಕೂರಿಸಿದರೆ ಮುಗಿಯಿತು. ನಮ್ಮ ಕಡೆಯ ಪ್ಲಂಬರ್‌ಗಳಿಗೆ ಇದನ್ನು ತೋರಿಸಿದರೆ ನಗುತ್ತಾರೆ. “ಬಾಡಿನೇ ಹೋಗೈತ್ರಿ ಸರ, ಹೊಸಾದು ಹಾಕಿಬಿಡ್ರಿ” ಎನ್ನುವುದು ಅವರ ಒಂದೇ ಔಷಧ. ನಳದ ಬಾಯಿ ನೋಡುವ ಮೊದಲೇ ಬಾಡಿ ಹೋಗಿರುತ್ತದೆ.

ಮೂರು ಊರಿನ ನಳಗಳು ಮೂರು ಬಗೆಯಲ್ಲಿ ಕೆಡುತ್ತವೆ, ಇದು ನನ್ನ ಕೈಗೆ ಬಂದ ಅನುಭವ. ಸಿಂಧನೂರಿನ ನಮ್ಮ ಮನೆಗೆ ಬರುವುದು ಕಾಲುವೆಯ ನೀರು. ಮೊದಲ ನೀರು ಬಿಟ್ಟಾಗ ಕೆಂಪು ರಾಡಿಯ ಸಣ್ಣ ಕಣಗಳು ವಾಷರಿನ ಕೆಳಗೆ ಸಿಕ್ಕಿ ರಬ್ಬರು ಕೊರೆಯುತ್ತವೆ. ಅಕ್ಕನ ಮನೆಯದು ಬೋರಿನ ನೀರು. ಅಲ್ಲಿ ಸ್ಪಿಂಡಲ್ ಎಳೆದರೆ ಸುಣ್ಣ ಬಳಿದ ಗೋಡೆಯ ತುಂಡು ಕಿತ್ತಂತೆ ಬಿಳಿ ಹಕ್ಕಳೆ ಉದುರುತ್ತದೆ. ನೀರಿನಲ್ಲಿ ಕರಗಿದ ಸುಣ್ಣ ಕಟ್ಟುವ ಹಕ್ಕಳೆ ಇದು, ನಿಂಬೆಹಣ್ಣಿನ ರಸದಲ್ಲಿ ನೆನೆಹಾಕಿದರೆ ಬುಸಬುಸ ಬುರುಗು ಬಂದು ಕರಗುತ್ತದೆ. ಕಕ್ಕಸು ತೊಳೆಯುವ ಆ್ಯಸಿಡ್ ಸುರಿದು ನಳದ ಹೊಳಪನ್ನೇ ಸುಲಿಯುವವರೂ ಇದ್ದಾರೆ, ಅವರು ಮೊದಲು ಹೇಳಿದ ಬಿಗಿಯುವವರ ಖಾಸಾ ಅಣ್ಣತಮ್ಮಂದಿರು. ಮಸ್ಕಿಯಲ್ಲಿ ಎರಡೂ ರೋಗ ಸೇರಿದ ನಳ ನೋಡಿದ್ದೇನೆ. ಆದರೆ ಮಸ್ಕಿಯ ಮೇಲೆ ನನಗೆ ಸಿಟ್ಟಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಅಶೋಕನ ಹೆಸರೇ ಕೆತ್ತಿದ ಶಾಸನ ಸಿಕ್ಕ ಊರದು. ಒಂದನ್ನು ಹುಡುಕಿದವರಿಗೆ ಇನ್ನೊಂದು ಸಿಗುವುದು ಅಲ್ಲಿಯ ಮಣ್ಣಿನ ಗುಣವಿರಬೇಕು. ಬಾಗಿಲಿನ ಬಿಜಾಗರಿ ಹುಡುಕಲು ಅಲ್ಲಿನ ಗುಜರಿ ಅಂಗಡಿಗೆ ಹೋದ ನನಗೆ ಹಳೆಯ ಹಿತ್ತಾಳೆ ನಳಗಳ ಒಂದು ಚೀಲವೇ ಕಣ್ಣಿಗೆ ಬಿತ್ತು. ಒಂದೊಂದೂ ಕೈಯಲ್ಲಿ ಹಿಡಿದರೆ ಮಣಿಕಟ್ಟು ಬಾಗುವಷ್ಟು ಭಾರ. ಕಿಲೋ ಲೆಕ್ಕದಲ್ಲಿ ಕೊಂಡೆ. ಬಿಜಾಗರಿ ಇನ್ನೂ ತಂದಿಲ್ಲ.

ಇನ್ನು ಬಿಳಿ ಟೇಪಿನ ವಿಷಯ. ಸ್ಪಿಂಡಲ್ ಬಿಚ್ಚಿ ವಾಷರ್ ಬದಲಿಸಲು ಟೇಪು ಬೇಕೇ ಇಲ್ಲ. ಆದರೂ ಗಾಯಕ್ಕೆ ಪಟ್ಟಿ ಕಟ್ಟಿದಂತೆ ಸುತ್ತದಿದ್ದರೆ ಕೆಲವರಿಗೆ ಕೂಲಿ ಕೇಳಲು ಬಾಯಿ ಬರುವುದಿಲ್ಲ. ಪೈಪಿನ ಜೋಡಣೆಗೆ ಬೇಕು ನಿಜ. ಅಲ್ಲಿ ಆಟೆಯ ತುದಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಪುವಾಗ ಟೇಪು ಮುದುಡಿ ಹೊರಬರುತ್ತದೆ. ಇದನ್ನು ಹೇಳಿದ್ದಕ್ಕೆ ಒಬ್ಬ ಪ್ಲಂಬರ್ ನನ್ನೊಡನೆ ಮಾತು ಬಿಟ್ಟಿದ್ದಾನೆ. ಸಣಬಿನ ನಾರಿಗೆ ಸಫೇದಾ ಸವರಿ ಸುತ್ತುತ್ತಿದ್ದ ಹಳೆಯ ಮೇಸ್ತ್ರಿಗಳು ದಿಕ್ಕು ತಪ್ಪುತ್ತಿರಲಿಲ್ಲ, ತಪ್ಪಿದರೆ ನಾರೇ ಎದ್ದು ಹೇಳುತ್ತಿತ್ತು. ಟೇಪಿನ ಈ ಟೆಫ್ಲಾನ್ ಸಿಕ್ಕಿದ್ದೂ ಎಡವಟ್ಟಿನಿಂದಲೇ. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಗ್ಯಾಸಿನ ಸಿಲಿಂಡರ್ ತೆರೆದರೆ ಗ್ಯಾಸೇ ಬರಲಿಲ್ಲ, ತೂಕ ಮಾತ್ರ ಹಾಗೇ ಇತ್ತು. ಕೊಯ್ದು ನೋಡಿದರೆ ಒಳಗೆ ನುಣ್ಣನೆಯ ಬಿಳಿ ಪುಡಿ. ಟೇಪು ಸುತ್ತುವ ಆಟೆಯ ಅಳತೆಯೂ ಹೆಸರಿನಂತಿಲ್ಲ. ಅರ್ಧ ಇಂಚಿನ ಪೈಪು ಎಂದು ನಾವು ಕೊಂಡು ತರುವುದರಲ್ಲಿ ಆಟೆಯ ಹೊರಗಿನ ಅಳತೆ ಸುಮಾರು 21 ಮಿಲಿಮೀಟರು, ಅರ್ಧ ಇಂಚು ಎಂದರೆ 12.7. ಸ್ಕೇಲು ಹಿಡಿದು ಅಂಗಡಿಯವನ ಜೊತೆ ಜಗಳಕ್ಕೆ ಹೋದವರನ್ನು ಕಂಡಿದ್ದೇನೆ. ಅದು ಅರ್ಧ ಇಂಚಿನದೇ ಎಂದು ಅಂಗಡಿಯವ ಹೇಳಿದ್ದೇ ಸರಿ.

ಸೋರುವ ನಳದಿಂದ ದೇಶ ಮುಳುಗುತ್ತದೆ ಎಂಬ ಗೋಡೆಬರಹಗಳೂ ನನಗೆ ಸೇರುವುದಿಲ್ಲ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಮಿಲಿಲೀಟರಿಗೆ ಇಪ್ಪತ್ತು ಹನಿ ಹಿಡಿದರೆ ನಾಲ್ಕು ಲೀಟರು ಚಿಲ್ಲರೆ. ಒಂದು ಕೊಡವೂ ತುಂಬುವುದಿಲ್ಲ. ಆದರೆ ನಳಗಳೂ ಒಂದೆರಡಲ್ಲ. ಢಬ್ಬೂಜಿ ಎಂಬ ಕಾರ್ಟೂನು ಪಾತ್ರ ಸೃಷ್ಟಿಸಿದ ಲೇಖಕ ಆಬಿದ್ ಸುರತಿ 2007ರಲ್ಲಿ ಮುಂಬೈ ಪಕ್ಕದ ಮೀರಾ ರೋಡಿನಲ್ಲಿ ಡ್ರಾಪ್ ಡೆಡ್ ಎಂಬ ಸಂಸ್ಥೆ ಕಟ್ಟಿ, ಭಾನುವಾರ ಒಬ್ಬ ಪ್ಲಂಬರನ್ನು ಕರೆದುಕೊಂಡು ಮನೆಮನೆಯ ಬಾಗಿಲು ತಟ್ಟಿ ಪುಕ್ಕಟೆ ವಾಷರ್ ಹಾಕಿಸತೊಡಗಿದರು. ಅವರ ಮೇಲೆ ನನಗೆ ಗೌರವಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚು. ವಾರಕ್ಕೊಮ್ಮೆ ಅಷ್ಟೊಂದು ನಳ!

ನಮ್ಮ ಕಡೆಯವರಿಗೆ ನಿಜವಾದ ಸೋರಿಕೆ ಅಂದರೆ 2024ರ ಆಗಸ್ಟ್ 10ರ ರಾತ್ರಿಯದು. ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಹಚ್ಚಿದ ಸಿಂಧನೂರಿನಲ್ಲಿ ಮರುದಿನ ಚಹಾ ಅಂಗಡಿಗಳಲ್ಲಿ ಬೇರೆ ಮಾತಿಲ್ಲ. ಎಲ್ಲರೂ ಎಷ್ಟು ಟಿಎಂಸಿ ಹೋಯಿತು ಎಂದು ಲೆಕ್ಕ ಹಾಕುತ್ತಿದ್ದರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಇದರ ಹಿಂದೆ ವಾಲ್ವ್ ಎಲ್ಲಿದೆ? ನಳ ಬಿಚ್ಚುವ ಮೊದಲು ಮಾಳಿಗೆ ಹತ್ತಿ ಟಾಕಿಯ ಗೇಟ್ ವಾಲ್ವ್ ಮುಚ್ಚುತ್ತೇವೆ. ಈ ಅಣೆಕಟ್ಟಿಗೆ ಅಂಥದ್ದಿರಲಿಲ್ಲ. ಒಂದೋ ಗೇಟಿನ ಹೊಸಿಲಿಗೆ ಇಳಿಯುವ ತನಕ ನೀರು ಹರಿಬಿಡಬೇಕು, ಇಲ್ಲವೇ ಹರಿಯುವ ನೀರಿನಲ್ಲೇ ಕೆಲಸ ಮಾಡಬೇಕು. ಗೇಟೊಂದು ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರ. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಎರಡನೆಯ ದಾರಿ ಹಿಡಿದರು. ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದರಂತೆ ಕ್ರೇನಿನಿಂದ ಭೋರ್ಗರೆಯುವ ನೀರಿಗೇ ಇಳಿಸಿದರು. ಮೊದಲನೆಯದು 16ಕ್ಕೆ ಕೂತಿತು. ಟಿವಿ ಮುಂದೆ ಜನ ಚಪ್ಪಾಳೆ ಹೊಡೆದರು. ನಾನು ಎದ್ದು ನಿಂತಿದ್ದೆ. ಟಾಕಿಯ ವಾಲ್ವ್ ಮುಚ್ಚದೆ ಒಂದು ಅರ್ಧ ಇಂಚಿನ ನಳ ಬಿಚ್ಚಿ ನೋಡಿ, ನಾನೇಕೆ ನಿಂತೆ ಎಂದು ತಿಳಿಯುತ್ತದೆ.

ಆಮೇಲೆ ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಿಸಬೇಕೆಂದಿತು. ಬಾಡಿನೇ ಹೋಗೈತಿ ಎಂಬ ತೀರ್ಪಿಗೆ ನಾನು ತಲೆಬಾಗಿದ್ದು ಅದೊಂದೇ ಸಲ. ಎಪ್ಪತ್ತು ವರ್ಷ ನೀರಲ್ಲಿ ನಿಂತ ಉಕ್ಕಿನ ಸೀಟನ್ನು ಸ್ಕೆಚ್ ಪೆನ್ನಿನಿಂದ ಉಜ್ಜಲಾಗದು.

ಅಣೆಕಟ್ಟಿಗೆ ವಾಲ್ವ್ ಇರಲಿಲ್ಲ, ಸರಿ, ಆದರೆ ಮನೆ ಕಟ್ಟುವವರಿಗೆ ಬುದ್ಧಿ ಬರಬೇಡವೇ? ಪ್ರತಿ ಬೇಸಿನ್ನಿನ ಕೆಳಗೆ ಆ ನಳದ ನೀರನ್ನಷ್ಟೇ ನಿಲ್ಲಿಸುವ ಒಂದು ಆಂಗಲ್ ಕಾಕ್ ಇದ್ದರೆ ಮಾಳಿಗೆ ಹತ್ತುವ ಕೆಲಸವಿಲ್ಲ, ಇಡೀ ಮನೆಯ ನೀರು ನಿಲ್ಲಿಸುವ ಕೆಲಸವಿಲ್ಲ. ಫರ್ಸಿಗೆ, ಪಿಒಪಿಗೆ, ಬಾಗಿಲ ಮೇಲಿನ ಗಣಪತಿಗೆ ಲಕ್ಷ ಸುರಿಯುವವರು ಇದೊಂದಕ್ಕೆ ಕೈ ಬಿಗಿಹಿಡಿಯುತ್ತಾರೆ. ಮಸ್ಕಿಯಲ್ಲಿ ಅಣ್ಣನ ಮಗ ಹೊಸ ಮನೆ ಕಟ್ಟಿಸುವಾಗ ಮೊದಲೇ ಬಾಯಿಬಿಟ್ಟು ಹೇಳಿ ಹಾಕಿಸಿದ್ದೆ. ಗೃಹಪ್ರವೇಶದ ದಿನ ಬೇಸಿನ್ನಿನ ಕೆಳಗೆ ಬಗ್ಗಿ ನೋಡಿದರೆ ಕಾಣಲಿಲ್ಲ. ಎಲ್ಲಪ್ಪಾ ಅಂದೆ.

“ಐತಿ ಕಾಕಾ. ಚಂದ ಕಾಣವಲ್ದು ಅಂತ ಟೈಲ್ಸ್ ಒಳಗ ಮುಚ್ಚೇವಿ.”