ಬಿಚ್ಚದ ಬುತ್ತಿ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವು ಪಾಂಡ್ಯರು ಆಳಿದ, 12ನೆಯ ಶತಮಾನದಲ್ಲಿ ಹೊಯ್ಸಳ ವೀರಬಲ್ಲಾಳನು ಗೆದ್ದ ಗಿರಿದುರ್ಗ. ಒಂದು ಭಾನುವಾರ ಕೊಟ್ಟೂರಿನ ಶ್ರಾವಕನೊಬ್ಬನು ಜೈನನಲ್ಲದ ತನ್ನ ಬಾಲ್ಯಮಿತ್ರನೊಡನೆ ಅದನ್ನು ಏರಿದನು. ಇಳಿಯುವಾಗ ಮಿತ್ರನ ಕಾಲು ಉಳುಕಿತು. ಹೆಗಲು ಕೊಟ್ಟು ಒಂದೊಂದೇ ಮೆಟ್ಟಿಲು ಇಳಿಸುವಷ್ಟರಲ್ಲಿ ಸೂರ್ಯಾಸ್ತವಾಯಿತು. ಬುತ್ತಿಯನ್ನು ಬಿಚ್ಚಲೇ ಇಲ್ಲ.

“ನನ್ನಿಂದಾಗಿ ನಿನಗೆ ಉಪವಾಸ, ನಾನೂ ಉಣ್ಣೆನು” ಎಂದನು ಮಿತ್ರ.

ಶ್ರಾವಕನು ರೊಟ್ಟಿಯ ಗಂಟನ್ನು ಅವನ ಮುಂದಿಟ್ಟು ನುಡಿದನು: “ನಿಯಮ ನನ್ನದು, ಹಸಿವೂ ನನ್ನದೇ. ನೋವಿನಲ್ಲಿರುವ ನೀನು ಹಸಿದಿದ್ದರೆ ನನ್ನ ವ್ರತಕ್ಕೆ ಶೋಭೆಯಲ್ಲ.”

ರಾತ್ರಿ ಉಣಿಸುವುದೂ ದೋಷವೆಂದು ಶಾಸ್ತ್ರ ಬಲ್ಲವರು ಆಕ್ಷೇಪಿಸಬಹುದು. ಶ್ರಾವಕನೂ ಅದನ್ನು ಬಲ್ಲವನೇ. ಆ ದೋಷವನ್ನು ತನ್ನ ಮೇಲೆಯೇ ಹೊತ್ತನು. ವ್ರತದ ಭಾರವನ್ನು ಮಾತ್ರ ಪರರ ಹೆಗಲಿಗೇರಿಸಲಿಲ್ಲ.