ಶಜರಾದಲ್ಲಿಲ್ಲದ ನೆಂಟರು

ನಮ್ಮ ಮನೆಯ ಪೆಟ್ಟಿಗೆಯಲ್ಲೊಂದು ಹಳೆಯ ಶಜರಾ ಇದೆ. ಆ ವಂಶಾವಳಿಯ ಪ್ರಕಾರ ನಮ್ಮ ಹಿರಿಯರು ಅರಬಸ್ತಾನದಿಂದ ಬಂದವರು. ಮದುವೆ ಮಾತುಕತೆಗಳಲ್ಲಿ ಅದನ್ನು ಹೆಮ್ಮೆಯಿಂದ ಬಿಚ್ಚಿ ತೋರಿಸುತ್ತಿದ್ದೆವು.

ತಂಗಿಯ ಮಗನಿಗೆ ಥಲಸ್ಸೇಮಿಯಾ. ಅಸ್ಥಿಮಜ್ಜೆ ಕಸಿ ಮಾಡಿದರೆ ಗುಣವಾದೀತು ಎಂದರು. ಅದಕ್ಕೆ ದಾನಿಯ ಎಚ್‌ಎಲ್‌ಎ ಹೊಂದಬೇಕು. ತನ್ನದು ಯಾವುದು, ಹೊರಗಿನದು ಯಾವುದೆಂದು ದೇಹಕ್ಕೆ ಗುರುತು ಹೇಳುವ ವಂಶವಾಹಿಗಳವು; ಸಾವಿರಾರು ಬಗೆ. ಒಡಹುಟ್ಟಿದವರಲ್ಲೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವನ ಒಬ್ಬಳೇ ಅಕ್ಕನದು ಹೊಂದಲಿಲ್ಲ.

‘ಅರಬ್ ದೇಶಗಳಲ್ಲಿ ಹುಡುಕಿಸೋಣವೇ?’ ಎಂದೆವು. ‘ನಿಮ್ಮ ಸೀಮೆಯ ಜನರಲ್ಲೇ ಸಿಗುವ ಸಂಭವ ಹೆಚ್ಚು’ ಎಂದರು ಡಾಕ್ಟರು.

ನಿಜವೇ. ಭಾರತದ ಮುಸ್ಲಿಮರ ವಂಶವಾಹಿಗಳು ಬಹುಮಟ್ಟಿಗೆ ನೆರೆಹೊರೆಯವರದನ್ನೇ ಹೋಲುತ್ತವೆ, ಹೊರಗಿನ ಪಾಲು ಅಲ್ಪ ಎನ್ನುತ್ತವೆ ಸಂಶೋಧನೆಗಳು. ಆ ನೆರೆಹೊರೆಯವರಾದರೂ ಬೆರೆತವರೇ. ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಈ ನೆಲದಲ್ಲಿ ಬೇರೆ ಬೇರೆ ಮೂಲದ ಜನ ವ್ಯಾಪಕವಾಗಿ ಬೆರೆತರು ಎಂದು 2013ರ ಅಧ್ಯಯನ ತೋರಿಸಿತು. ಒಳಗೊಳಗೇ ಮದುವೆಯಾಗುವ ಬೇಲಿ ಬಿಗಿಯಾದದ್ದು ಆಮೇಲೆ.

ಮೊನ್ನೆ ದಾನಿಗಳ ನೋಂದಣಿಗೆ ಕೆನ್ನೆಯೊಳಗಿನ ಮಾದರಿ ಕೊಡಲು ನಮ್ಮ ಬೀದಿಯ ಹುಡುಗರು ಸಾಲಾಗಿ ನಿಂತರು. ಯಾರೂ ಜಾತಿ ಕೇಳಲಿಲ್ಲ. ನಮ್ಮ ಶಜರಾದಲ್ಲಿ ಹೆಸರಿಲ್ಲದ ನೆಂಟನೊಬ್ಬ ಅವರಲ್ಲಿರಲಿ ಎಂದು ದುವಾ ಮಾಡುತ್ತಿದ್ದೇವೆ.