ಹೊಳಪಿನ ಹೊಲಸು

ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಮುನ್ನಾದಿನ ಹುಬ್ಬಳ್ಳಿಯ ವಿದ್ಯಾನಗರವಿರಲಿ, ಧಾರವಾಡದ ಮಾಳಮಡ್ಡಿಯಿರಲಿ, ಓಣಿಗೊಂದು ಹಳ್ಳ ಹರಿಯುತ್ತದೆ. ಎಲ್ಲ ಗಾಡಿ ತೊಳೆದ ನೀರು. ವರ್ಷವಿಡೀ ಧೂಳು ಹೊದ್ದು ನಿಂತಿದ್ದ ಕಾರುಗಳಿಗೆ ಮರುದಿನ ಚೆಂಡುಹೂವಿನ ಮಾಲೆ, ಚಕ್ರದಡಿಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ. ಪೂಜೆ ಯಂತ್ರಕ್ಕೆ ಅನ್ನುತ್ತೇವೆ. ಆದರೆ ಯಂತ್ರ ಇರುವ ಬಾನೆಟ್ಟಿನೊಳಗೆ ಒಂದು ಚಿಟಿಕೆ ಕುಂಕುಮವೂ ಬೀಳುವುದಿಲ್ಲ.

ನಾನು ಆ ಮುಚ್ಚಳ ತೆರೆಯುವವರ ಪೈಕಿ. ತೆರೆದ ಕೂಡಲೇ ಪಕ್ಕದ ಮನೆಯ ಕಾಕಾ ಕಾಂಪೌಂಡಿಗೆ ಬಂದು ಆತುಕೊಂಡು ನಿಲ್ಲುತ್ತಾರೆ. "ಏನೋ ತಮ್ಮಾ, ಎಂಜಿನ್ನಿಗೆ ನೀರು ಹಾಕ್ತೀಯೇನು? ಕರೆಂಟಿನ ಸಾಮಾನು ಅವು!" ಕಾಕಾನ ಭಯದಲ್ಲಿ ಹುರುಳಿದೆ. ಈಗಿನ ಎಂಜಿನ್ ಸುತ್ತ ಕಬ್ಬಿಣಕ್ಕಿಂತ ತಂತಿಯೇ ಜಾಸ್ತಿ. ಆದ್ದರಿಂದ ಮೊದಲ ಕೆಲಸ ತೊಳೆಯುವುದಲ್ಲ, ಕಟ್ಟುವುದು. ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಗಾಳಿ ಎಳೆದುಕೊಳ್ಳುವ ಬಾಯಿ, ಇವಕ್ಕೆಲ್ಲ ಪ್ಲಾಸ್ಟಿಕ್ ಚೀಲ ಸುತ್ತಬೇಕು. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಬೇಕು. ಎಂಜಿನ್ ಆರಿರಬೇಕು, ಕೈ ಇಟ್ಟರೆ ಬೆಚ್ಚಗೆ ಅನ್ನಿಸುವಷ್ಟಿದ್ದರೆ ಸಾಕು. ಕಾದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಟ್ಟೀತು, ಜಿಡ್ಡು ಬಿಡಿಸಲು ಹಾಕಿದ ಔಷಧವೂ ಅಲ್ಲೇ ಒಣಗಿ ಕಲೆಯಾಗುತ್ತದೆ.

ಮೊದಲು ಒಣ ಬ್ರಷ್ಷು. ನನಗೆ ಎಲ್ಲಕ್ಕಿಂತ ರುಚಿಸುವುದು ಇದೇ ಘಟ್ಟ, ಯಾಕೆಂದರೆ ನಮ್ಮ ಊರಿನ ಧೂಳಿಗೆ ವಿಳಾಸವಿದೆ. ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದದ ಕಡೆ ಎರೆಭೂಮಿ. ಅಲ್ಲಿನ ಧೂಳು ಕಪ್ಪು, ತೇವ ತಾಗಿದರೆ ಅಂಟಾಗಿ ಕೂತುಬಿಡುತ್ತದೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಡೆ ಮಲೆನಾಡಿನ ಸೆರಗು; ಅಲ್ಲಿನದು ಕೆಂಪು, ಊದಿದರೆ ಹಾರುತ್ತದೆ. ನಮ್ಮ ಮನೆಯಾಕಿಯ ತವರು ನವಲಗುಂದದ ಹತ್ತಿರ, ನನ್ನೂರು ಕಲಘಟಗಿಯ ಹತ್ತಿರ. ವರ್ಷದಲ್ಲಿ ಯಾರ ಊರಿಗೆ ಎಷ್ಟು ಓಡಾಟವಾಯಿತು ಎಂಬ ವಾದಕ್ಕೆ ಬಾನೆಟ್ಟಿನೊಳಗೆ ಲಿಖಿತ ಸಾಕ್ಷಿ ಇರುತ್ತದೆ. ಇದುವರೆಗೆ ಸಾಕ್ಷಿ ನನ್ನ ಪರ ನುಡಿದದ್ದಿಲ್ಲ. ಧೂಳಿನ ನಡುವೆ ಶೇಂಗಾ ಸಿಪ್ಪೆಯೂ ಸಿಗುತ್ತದೆ. ಅದು ಇಲಿಯ ಊಟದ ಎಲೆ. ಸಿಪ್ಪೆ ಕಂಡರೆ ಅಕ್ಕಪಕ್ಕದ ತಂತಿಗಳನ್ನು ಬೆರಳಾಡಿಸಿ ನೋಡಿಯೇ ಮುಂದೆ ಹೋಗಬೇಕು. ಊಟದ ನಂತರ ಇಲಿಗೆ ತಂತಿಯ ಮೇಲಿನ ಪ್ಲಾಸ್ಟಿಕ್ಕು ತಾಂಬೂಲ.

ಇನ್ನು ನೀರು. ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಯನ್ನು ಎತ್ತಿ ತಂದು ಕುಡಿಯುವ ಊರು ನಮ್ಮದು. 2008ರಿಂದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂತು. ಉಳಿದ ಓಣಿಗಳಲ್ಲಿ ನಳ ಬರುವ ದಿನ ನೋಡಿ ಮದುವೆಯ ಹಿಂದಿನ ದಿನದ ಅಡಿಗೆ ಇಟ್ಟುಕೊಂಡವರೂ ಇದ್ದಾರೆ. ಇಂಥ ಊರಿನಲ್ಲಿ ಪೈಪು ಹಿಡಿದು ಕಾರು ತೊಳೆಯುವವನನ್ನು ನಾನು ಗೌರವಿಸಲಾರೆ. ಎಂಜಿನ್ನಿಗಂತೂ ಪೈಪು ಬೇಡವೇ ಬೇಡ. ಗಿಡಕ್ಕೆ ಹೊಡೆಯುವ ಕೈಪಂಪು, ಜಿಡ್ಡು ಬಿಡಿಸುವ ಡಿಗ್ರೀಸರ್, ಹಳೇ ಹಲ್ಲುಜ್ಜುವ ಬ್ರಷ್ಷು, ಒರೆಸಲು ಹಳೇ ಧೋತರದ ಅರಿವಿ: ಅರ್ಧ ಬಕೀಟು ನೀರಿನಲ್ಲಿ ಕೆಲಸ ಮುಗಿಯುತ್ತದೆ. ಬ್ಯಾಟರಿಯ ತುದಿಗೆ ಕಟ್ಟಿದ ಬಿಳಿ-ಹಸಿರು ಪುಡಿಗೆ ಅಡಿಗೆ ಸೋಡಾ ಕಲಸಿದ ನೀರು. ಸೋಡಾ ಆಮ್ಲವನ್ನು ಕೊಲ್ಲುತ್ತದೆ, ಬುಸ್ ಎಂದು ನೊರೆ ಬರುತ್ತದೆ. ಕಾಕಾ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಸರ್ವಿಸಿಂಗ್ ಅಂಗಡಿಗಳಲ್ಲಿ ಹೀಗೆ ಮಾಡುವುದಿಲ್ಲ. ಅಲ್ಲಿ ಎಷ್ಟೋ ಕಡೆ ಡೀಸೆಲ್ ಸಿಂಪಡಿಸಿ ಬಿಡುತ್ತಾರೆ. ಮನೆಗೆ ಬರುವ ತನಕ ಎಂಜಿನ್ ಮದುಮಗನ ಹಾಗೆ ಮಿಂಚುತ್ತದೆ. ಮಾರನೇ ದಿನ ಆ ಎಣ್ಣೆಗೆ ಧೂಳೆಲ್ಲ ಬಂದು ಅಂಟುತ್ತದೆ. ಎಂಜಿನ್ನಿನ ನೀರಿನ ಹೋಸುಗಳು ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರಿನವು. ಬಿಸಿಲು, ಬಿಸಿನೀರಿಗೆ ಜಗ್ಗದ ಈ ರಬ್ಬರು ಪೆಟ್ರೋಲಿಯಂ ಎಣ್ಣೆ ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಹಳೇ ಗಾಡಿ ಕೊಳ್ಳುವವರಿಗೆ ನನ್ನ ಒಂದೇ ಸಲಹೆ: ಎಂಜಿನ್ ಹೊಳೆಯುತ್ತಿದ್ದರೆ ಅನುಮಾನಿಸಿ. ಎಣ್ಣೆ ಒಸರುವ ಜಾಗದಲ್ಲಿ ಧೂಳು ಹಸಿಯಾಗಿ ಕಪ್ಪು ಪಟ್ಟಿ ಕಟ್ಟಿರುತ್ತದೆ. ಕೂಲೆಂಟ್ ಸೋರಿದಲ್ಲಿ ಬಣ್ಣದ ಹಕ್ಕಳೆ ಒಣಗಿರುತ್ತದೆ. ಮಾರುವವನು ಹೊಳಪು ಬಳಿಯುವುದು ಇವೆರಡು ಕಾಣಬಾರದೆಂದು. ನಾನು ತೊಳೆಯುವುದು ಇವೆರಡು ಕಾಣಲೆಂದು.

"ತೊಳದಿ ಖರೆ, ಆದರ ಹೊಳೀವಲ್ದಲ್ಲೋ," ಎನ್ನುತ್ತಾರೆ ಕಾಕಾ. ಹೊಳೆಯಬಾರದು ಕಾಕಾ ಅಂದರೆ ನಂಬುವುದಿಲ್ಲ.

ಒಳಗಿನ ಚರ್ಮದ ಸೀಟಿನದೂ ಇದೇ ಕಥೆ, ಇನ್ನೂ ತಿರುವುಮುರುವಾಗಿ. ಹೊಸ ಸೀಟು ಮಂಕಾಗಿರುತ್ತದೆ. ವರ್ಷ ಕಳೆದಂತೆ ಡ್ರೈವರ್ ಕೂರುವ ಜಾಗ ಮಿರಿಮಿರಿ ಮಿಂಚತೊಡಗುತ್ತದೆ. ಜನ ಅದನ್ನು ಪಾಲಿಶ್ ಅಂದುಕೊಳ್ಳುತ್ತಾರೆ. ಅದು ಬೆವರು, ಮೈಯೆಣ್ಣೆ, ಮಿರ್ಚಿ-ಗಿರ್ಮಿಟ್ ತಿಂದು ಒರೆಸಿಕೊಂಡ ಕೈ. ಸೌಮ್ಯ ಸೋಪಿನ ನೊರೆಯನ್ನು ಮೆತ್ತನೆ ಬ್ರಷ್ಷಿಗೆ ಹಚ್ಚಿ ಮೆಲ್ಲಗೆ ತಿಕ್ಕಿ, ಹಸಿ ಅರಿವಿಯಿಂದ ಒರೆಸಿದರೆ ಹೊಳಪು ಹೋಗಿ ಚರ್ಮ ಮರಳಿ ಮಂಕಾಗುತ್ತದೆ. ಅರಿವಿ ಚಹಾದ ಬಣ್ಣಕ್ಕೆ ಬರುತ್ತದೆ. ಸಣ್ಣ ತೂತುಗಳಿರುವ ಸೀಟಾದರೆ ನೊರೆಯೇ ಸಾಕು, ನೀರು ಒಳಗಿಳಿಯಬಾರದು.

ಎಣ್ಣೆ ಹಚ್ಚುವ ಚಪಲ ನಮ್ಮಲ್ಲಿ ಬಹಳ. ಕೊಬ್ಬರಿ ಎಣ್ಣೆ ಸವರಿದವರನ್ನು ಕಂಡಿದ್ದೇನೆ, ಸೀಟಿನಿಂದ ಜಾರಿ ಬ್ರೇಕಿನ ಮೇಲೆ ಕೂರುವುದೊಂದು ಬಾಕಿ. ಕಾರಿನ ಚರ್ಮ ಬಹುಪಾಲು ಕ್ರೋಮಿಯಂ ಉಪ್ಪಿನಲ್ಲಿ ಹದವಾದದ್ದು. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಪಾಲಿಯುರೆಥೇನಿನ ತೆಳು ಪೊರೆ. ನಾವು ತೊಳೆಯುವುದು ಚರ್ಮವನ್ನಲ್ಲ, ಆ ಪೊರೆಯನ್ನು. ಅದೂ ಬೆನ್ನು-ತೊಡೆ ತಾಗುವಲ್ಲಷ್ಟೇ ಚರ್ಮ. ಬದಿಗಳಿಗೆ ಎಷ್ಟೋ ಕಂಪನಿಗಳು ರೆಕ್ಸಿನ್ ಹೊಲಿಯುತ್ತವೆ. ಹೀಗಾಗಿ ದುಬಾರಿ ಲೆದರ್ ಕಂಡೀಷನರ್ ಒಂದು ತೆಳು ಕೈ ಸವರಿದರೆ ಮುಗಿಯಿತು, ಉಳಿದದ್ದು ಕುಡಿಯಲು ಅಲ್ಲಿ ಬಾಯಿಲ್ಲ. ಏಪ್ರಿಲ್ ಬಿಸಿಲಿನಿಂದ ಸೀಟನ್ನು ಕಾಯುವುದು ಬೇವಿನ ನೆರಳು, ಬಾಟಲಿಯಲ್ಲ.

ನಿಜವಾಗಿ ಎಣ್ಣೆ ಕುಡಿಯುವ ಚರ್ಮ ನಮ್ಮ ಮನೆಯ ಬಾಗಿಲಾಚೆ ಇದೆ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಪಾಲು ಪಡೆದವು. ಜಾಲಿ ತೊಗಟೆ, ಅಳಲೆಕಾಯಿಯ ರಸದಲ್ಲಿ ಹದವಾದ ಆ ಚರ್ಮಕ್ಕೆ ಪೊರೆ ಇಲ್ಲ. ಒಂದು ಹನಿ ನೀರು ಬಿಟ್ಟು ನೋಡಿ: ಸೀಟಿನ ಮೇಲೆ ಮುತ್ತಾಗಿ ನಿಲ್ಲುತ್ತದೆ, ಚಪ್ಪಲಿಯ ಮೇಲೆ ಇಂಗಿ ಕಪ್ಪಾಗುತ್ತದೆ. ಬಾಟಲಿಯಲ್ಲಿ ಉಳಿದ ಕಂಡೀಷನರನ್ನು ನನ್ನ ಅಥಣಿಯ ಕೊಲ್ಲಾಪುರಿ ಚಪ್ಪಲಿಗೆ ಹಚ್ಚಿದೆ, ನೋಡನೋಡುತ್ತ ಹೀರಿಕೊಂಡಿತು.

ಮನೆಯಾಕಿ ಬಾಟಲಿಯ ಬೆಲೆ ಓದಿದಳು. "ಅಲ್ರೀ, ಇಷ್ಟು ರೊಕ್ಕ ಕುಡಿದ ಚಪ್ಪಲಿ ಹೊರಗ ಬಿಡಬ್ಯಾಡ್ರಿ, ಒಳಗ ಇಡ್ರಿ. ಕಾರು ಬೇಕಾದರ ಹೊರಗ ಇರಲಿ."